ವಶೀಲಿ ನಡೆಯದ ಮಾತ್ರೆ

"ರುಚಿ ನೋಡದೆ ಉಪ್ಪು ಸುರೀತೀರಲ್ಲ, ಅಡುಗೆಯವ ಎಂತ ಮಣ್ಣು ಬೇಯಿಸಿದ್ದಾನಾ?"

ಮುಂಬಯಿ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನದ ಗದ್ದಲ. ಅಡುಗೆಯ ಸೀನ ಸೌಟು ಹಿಡಿದೇ ಹೊರಗೆ ಬಂದಿದ್ದ. ಮೂರು ದಿನದಿಂದ ನೋಡುತ್ತಿದ್ದ, ಈ ಹುಡುಗಿ ಸಾಂಬಾರು ಬಾಯಿಗಿಡುವ ಮೊದಲೇ ಚಮಚದ ತುಂಬ ಉಪ್ಪು ಹಾಕಿಕೊಳ್ಳುತ್ತಿದ್ದಳು.

ನಮಿತಾ ತಲೆ ಎತ್ತಿದಳು. ಎದುರಿನ ಬ್ಯಾಂಕಿನಲ್ಲಿ ಕೆಲಸ. ವಯಸ್ಸು ಇಪ್ಪತ್ತೇಳು, ತೂಕ ಮೂವತ್ತೆಂಟು ಕಿಲೋ.

"ನನಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಹುಟ್ಟಿನಿಂದ ಬಂದ ಕಾಯಿಲೆ. ಮೈಯಲ್ಲಿರೋ ಉಪ್ಪೆಲ್ಲ ಬೆವರಲ್ಲಿ ಹೋಗತ್ತೆ, ಎದೆಯಲ್ಲಿ ಕಫ ಅಂಟಿನ ಹಾಗೆ ಕೂರತ್ತೆ. ನಮ್ಮಣ್ಣ ಇದರಲ್ಲೇ ಹೋದ. ನಿಮ್ಮ ಸಾಂಬಾರು ಚೆನ್ನಾಗಿದೆ. ಈಗ ಊಟ ಮಾಡಲಾ?"

ಸೀನನಿಗೆ ಸೌಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕ್ಷಮೆ ಕೇಳುವುದು ಅವನಿಗೆ ಬಾರದ ವಿದ್ಯೆ. ಮರುದಿನದಿಂದ ಅವಳ ಅನ್ನಕ್ಕೆ ತುಪ್ಪ ಹೆಚ್ಚು ಬಿತ್ತು. ಎಂಟು ತಿಂಗಳಲ್ಲಿ, ರಜೆ ಸಿಕ್ಕ ಸಂಜೆಗಳಲ್ಲಿ, ಲೋಕಲ್ ಹತ್ತಿ ಅವಳನ್ನು ಸಾಂತಾಕ್ರೂಜಿನ ಮನೆವರೆಗೆ ಬಿಟ್ಟು ಬರುವಷ್ಟು ಹತ್ತಿರವಾದ. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ. ಆಡಿ ಏನು ಮಾಡುವುದು? ಊದುವ ಪರೀಕ್ಷೆಯಲ್ಲಿ ಅವಳ ಶ್ವಾಸಕೋಶದ ಬಲ ನೂರಕ್ಕೆ ನಲವತ್ತೆರಡಕ್ಕೆ ಇಳಿದಿತ್ತು...

ಆಗ ಆಸ್ಪತ್ರೆಯಿಂದ ಫೋನ್ ಬಂತು. ಹೊಸ ಮಾತ್ರೆಯೊಂದರ ಟ್ರಯಲ್. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಮದ್ದಿಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಒಂದು ವರ್ಷ ಮುಗಿದ ಮೇಲೆ ಎಲ್ಲರಿಗೂ ಅಸಲಿ ಮಾತ್ರೆ. ಸೇರಲು ಶ್ವಾಸದ ಅಂಕಿ ನಲವತ್ತಕ್ಕಿಂತ ಕೆಳಗಿರಬಾರದು. ಶುಕ್ರವಾರದೊಳಗೆ ಹೇಳಬೇಕು.

ನಮಿತಾ ಸೀನನೆದುರು ಬೇಡವೆಂದಳು, ಆಸ್ಪತ್ರೆಗೆ ಇನ್ನೂ ತಿಳಿಸಿರಲಿಲ್ಲ. ಅಣ್ಣ ಅಭಿರಾಮನಿಗೆ ಹೊಸ ಮದ್ದು ಬಂದಾಗಲೆಲ್ಲ ಅಮ್ಮ ಶಾಮಲಾ ಆಸೆಪಟ್ಟಿದ್ದರು. ಪ್ರತಿ ಸಲವೂ ಇನ್ನಷ್ಟು ಕುಸಿದಿದ್ದರು. 'ಆಸೆ ತೋರಿಸಿ ಸಾಯುವುದಕ್ಕಿಂತ ಸುಮ್ಮನೆ ಸಾಯುವುದು ವಾಸಿ...'

ಸೀನ ಒಪ್ಪಲಿಲ್ಲ. ಅವನಿಗೆ ಮುಂಬಯಿಯಲ್ಲಿ ಕೆಲಸ, ಇರಲು ಖೋಲಿ, ಗ್ಯಾಸು ಎಲ್ಲವೂ ಸಿಕ್ಕಿದ್ದು ಊರಿನವರ ವಶೀಲಿಯಿಂದ. ಮಾತ್ರೆಗೂ ಒಂದು ಮಾತು ಹೇಳುವವರು ಬೇಕು, ಅಷ್ಟೇ ತಾನೇ? ಗುರುವಾರ ಬೆಳಿಗ್ಗೆ ಒಂದು ಡಬ್ಬಿ ಬನ್ಸ್ ಕಟ್ಟಿಕೊಂಡು ಟ್ರಯಲ್ ನಡೆಸುವ ಡಾಕ್ಟರ್ ಸಾಧನಾ ಅವರ ಕೋಣೆಗೆ ನುಗ್ಗಿದ. ನಮಿತಾಳನ್ನು ಸೇರಿಸಿಕೊಳ್ಳಿ, ಅಸಲಿ ಮಾತ್ರೆಯನ್ನೇ ಕೊಡಿ ಎಂದು ಕೈಮುಗಿದ.

ಡಾಕ್ಟರು ಅವನನ್ನು ಹೊರಗೆ ಕಳಿಸಿ ನಮಿತಾಳಿಗೆ ಫೋನ್ ಮಾಡಿದರು. ಇನ್ನೊಮ್ಮೆ ಹೀಗಾದರೆ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ ಎಂದರು.

ಹೆಸರು ತೆಗೆಯಬೇಡಿ ಎಂದು ನಮಿತಾ ಬೇಡಿಕೊಂಡಳು. ಬೇಡವೆಂದವಳು ನಾನೇ ಅಲ್ಲವೇ... ಮತ್ತೇಕೆ ಈ ಭಯ?

ಬದುಕುವ ಆಸೆ ಇತ್ತು. ಇಷ್ಟು ದಿನ ಅದರ ಬಾಯಿ ಮುಚ್ಚಿಸಿ ಇಟ್ಟಿದ್ದಳು, ಅಷ್ಟೇ.

ಭಯವೇ ಸಿಟ್ಟಾಗಿ ಅವಳನ್ನು ಹೋಟೆಲಿನ ಹಿಂಬಾಗಿಲಿಗೆ ಎಳೆದು ತಂದಿತು.

"ನನಗೆ ಅಸಲಿ ಮಾತ್ರೆ ಕೊಡಿಸಿದರೆ ಖಾಲಿದು ಇನ್ಯಾರಿಗೆ ಹೋಗತ್ತೆ ಸೀನ? ಅವರ ಮನೇಲೂ ಒಬ್ಬ ಅಮ್ಮ ಇರ್ತಾರೆ. ನಿಮಗೆ ಕಾಯಿಲೆಯವಳು ಬೇಡ, ಗುಣವಾದವಳು ಬೇಕು. ಅದಕ್ಕೇ ಹೋಗಿದ್ದು."

ಸೀನ ಬಾಯಿ ತೆರೆದ. ಅವಳು ಆಗಲೇ ಹೊರಟಿದ್ದಳು.

ಶುಕ್ರವಾರ ಅವಳು ಒಬ್ಬಳೇ ಹೋದಳು. ಯಾವ ಮಾತ್ರೆ ಬಂದರೂ ಸರಿ ಎಂದು ಸಹಿ ಹಾಕಿದಳು. ಆಮೇಲೆ ಮೂರು ತಿಂಗಳು ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ.

ಕೊನೆಗೆ ಸೀನನಿಗೆ ಫೋನ್ ಮಾಡಿದ್ದು ಶಾಮಲಾ. ಮಗಳು ಸರಿಯಾಗಿ ಉಣ್ಣುತ್ತಿಲ್ಲ, ಜಗಳ ಆಮೇಲೆ ಆಡಿಕೊಳ್ಳಿ, ಇವತ್ತು ಪರೀಕ್ಷೆಯಿದೆ, ಆಸ್ಪತ್ರೆಗೆ ಬನ್ನಿ ಎಂದರು.

ಪರೀಕ್ಷೆ ಮುಗಿಸಿ ಬಂದ ನಮಿತಾ ಕಾರಿಡಾರಿನ ಬೆಂಚಿನಲ್ಲಿ ಅವನನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ ಪಕ್ಕದಲ್ಲಿ ಕುಳಿತಳು. ನಿಲ್ಲಲು ಶಕ್ತಿ ಇರಲಿಲ್ಲ.

"ಮೂವತ್ತೊಂಬತ್ತಕ್ಕೆ ಇಳಿದಿದೆ," ಅಂದಳು. "ನನ್ನದು ಖಾಲಿ ಮಾತ್ರೆ ಅನ್ಸತ್ತೆ."

"ಇರಬಹುದು." ಅವನು ಸುಳ್ಳು ಹೇಳಲಿಲ್ಲ.

"ಇನ್ನೂ ಒಂಬತ್ತು ತಿಂಗಳಿದೆ. ಅಲ್ಲೀವರೆಗೆ ಇರ್ತೀನೋ ಇಲ್ವೋ... ಗುಣವಾದವಳು ನಿಮಗೆ ಸಿಗಲ್ಲ ಸೀನ."

"ಗುಣವಾದವಳನ್ನು ನಾನು ಕೇಳ್ಲಿಲ್ಲ ಮಾರಾಯ್ತಿ. ನೀನು ಹೋದ ಮೇಲೆ ನಾನು ಹೇಗೆ ಇರುದು ಅಂತ ಹೆದರಿಕೆ ಆಯ್ತು. ಅದಕ್ಕೆ ಹೋದದ್ದು. ಮಾಡಿದ್ದು ತಪ್ಪು."

ಮೊದಲ ಸಲ ಅವನು 'ನೀನು' ಅಂದಿದ್ದ. ಅವಳ ಕಣ್ಣು ತುಂಬಿತು.

"ಮದುವೆ ಆಗುವಾ?" ಅಂದ ಸೀನ.

"ವರ್ಷ ಮುಗೀಲಿ."

"ಅಷ್ಟು ದಿನ ಕಾಯುವ ಧೈರ್ಯ ನನಗಿಲ್ಲ."

ನಗಲು ಹೋದವಳಿಗೆ ಕೆಮ್ಮು ಒತ್ತಿಕೊಂಡು ಬಂತು. ಉಸಿರು ಸಿಕ್ಕಿಕೊಂಡಿತು. ಸೀನ ಗಾಬರಿಯಿಂದ ಅವಳ ಬೆನ್ನ ಮೇಲೆ ಕೈಯಿಟ್ಟ.

"ಅಂಗೈ ಬಟ್ಟಲು ಮಾಡು... ಇನ್ನೂ ಸ್ವಲ್ಪ ಮೇಲೆ. ಜೋರಾಗಿ ತಟ್ಟು, ಕಫ ಸಡಿಲಾಗಲಿ."

"ನೋವಾಗುದಿಲ್ವಾ?"

"ಆಗತ್ತೆ," ಅಂದಳು ನಮಿತಾ, ಅವನ ಮೊಣಕಾಲು ಹಿಡಿದು ಬಾಗಿ. "ನಿಲ್ಲಿಸಬೇಡ."