ಲವ್‌ಡೇ ಅವನಿಗೆ ಏನಾಗಬೇಕು?

"ನಾನು ಕೊಟ್ಟ ಮರಣವಾರ್ತೆಗೆ ಕತ್ತರಿ ಹಾಕಿದ ಮಹಾತಾಯಿ ಯಾರ್ರೀ?"

ಕಾರ್ನ್‌ವಾಲ್ ಕರಾವಳಿಯ ಆ ಪುಟ್ಟ ವಾರಪತ್ರಿಕೆಯ ಕಚೇರಿಗೆ ಜೇಗೊ ಮೀನಿನ ದೋಣಿಯಿಂದ ನೇರವಾಗಿ ನುಗ್ಗಿ ಬಂದಿದ್ದ.

ಉಪಸಂಪಾದಕಿ ಮೊರ್ವೆನ್ನಾ ತಲೆ ಎತ್ತಿದಳು. ಎಷ್ಟು ಕೋಪ! ಆದರೂ ಆ ಕಣ್ಣುಗಳು... ಛೆ, ಈಗ ಕಣ್ಣಿನ ವಿಚಾರವೇಕೆ!

"ನಾನೇ. ಏನಾಗ್ಬೇಕಿತ್ತು?"

"ತೀರಿಹೋದ ಪೆರನ್ ನನ್ನ ಚಿಕ್ಕಪ್ಪ. ಲವ್‌ಡೇ ಚಿಕ್ಕಮ್ಮ ಅವನ 'ಕಾಮನ್-ಲಾ ವೈಫ್', ಅಂದ್ರೆ ಜೊತೆಗೆ ಬಾಳಿ ಕಾನೂನಿಗೂ ಹೆಂಡತಿಯಾದವಳು ಅಂತ ಬರೆದುಕೊಟ್ಟಿದ್ದೆ. ನೀವು 'ಸ್ನೇಹಿತೆ' ಅಂತ ಹಾಕಿದ್ದೀರಿ! ನಲವತ್ತು ವರ್ಷ ಒಂದೇ ಮನೇಲಿ ಬಾಳಿದವಳು ಬರೀ ಸ್ನೇಹಿತೇನಾ?"

"ಮದುವೆ ಆಗದೆ ಎಷ್ಟೇ ವರ್ಷ ಜೊತೆಗಿದ್ರೂ ಇಲ್ಲಿನ ಕಾನೂನು ಹೆಂಡತಿ ಅನ್ನಲ್ಲ. ಆ ಮಾತೇ ತಪ್ಪು, ನಾವು ಅಚ್ಚು ಹಾಕಲ್ಲ," ಕಡ್ಡಿ ಮುರಿದಂತೆ ಹೇಳಿದಳು.

"ಸರಿ ಬಿಡಿ. ನಿಮ್ಮ ಪತ್ರಿಕೆ ಓದಿ ಚಿಕ್ಕಪ್ಪನ ಅಕ್ಕ ಸೆನಾರಾ ಅತ್ತೆ ಏನಂದ್ಲು ಗೊತ್ತಾ? ಶನಿವಾರದ ಅಂತ್ಯಕ್ರಿಯೆ ಪ್ರಾರ್ಥನೆಗೆ ಮುಂದಿನ ಬೆಂಚು ಒಡಹುಟ್ಟಿದವರಿಗೆ, ಮನೆಯವರಿಗೆ. ಸ್ನೇಹಿತರೆಲ್ಲ ಹಿಂದೆ ಅಂತೆ!"

ಮೊರ್ವೆನ್ನಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಮುಂದಿನ ಸಂಚಿಕೆ ಬರುವುದು ಇನ್ನು ಗುರುವಾರಕ್ಕೆ. ಅಷ್ಟರಲ್ಲಿ ಮಣ್ಣು ಮಾಡಿ ಮುಗಿದಿರುತ್ತದೆ.

'ಕಾಮನ್-ಲಾ ವೈಫ್ ತಪ್ಪು, ನಿಜ. ಆದರೆ ಸ್ನೇಹಿತೆ ಅನ್ನೋದು ಅದಕ್ಕಿಂತ ದೊಡ್ಡ ತಪ್ಪು! ಕಚೇರಿಯ ಹಳೇ ನಿಯಮದ ಪುಸ್ತಕ ನೋಡಿದೆ. ಆ ಹೆಂಗಸನ್ನ ಒಂದು ಮಾತು ಕೇಳಲಿಲ್ಲವಲ್ಲ...'

ಶನಿವಾರ ಚರ್ಚಿನ ಕೊನೆಯ ಸಾಲಿನಲ್ಲಿ ಲವ್‌ಡೇ ಒಬ್ಬಳೇ ಕುಳಿತಿದ್ದಳು. ಮೊರ್ವೆನ್ನಾ ನೇರವಾಗಿ ಅವಳ ಬಳಿ ಹೋದಳು.

"ಅಮ್ಮಾ, ಪತ್ರಿಕೇಲಿ ತಪ್ಪು ಬರೆದವಳು ನಾನೇ. ಕ್ಷಮಿಸಿ. ಏಳಿ, ಮುಂದೆ ಹೋಗೋಣ."

ಕೈಹಿಡಿದು ಕರೆತಂದಾಗ ಸೆನಾರಾ ಸಿಡುಕಿದಳು. "ಯಾರೇ ನೀನು? ಇದು ಮನೆಯವರ ಜಾಗ!"

"ಗೊತ್ತು. ಮನೆಯವರನ್ನೇ ಕರ್ಕೊಂಡು ಬಂದಿದ್ದೀನಿ. ಇವರು ಪೆರನ್ ಅವರ ಬಾಳಸಂಗಾತಿ. ಗುರುವಾರ ಹಾಗೇ ಅಚ್ಚಾಗುತ್ತೆ, ನನ್ನ ತಪ್ಪೊಪ್ಪಿಗೆ ಸಮೇತ."

ಅತ್ತೆಯ ಬಲವಂತಕ್ಕೆ ಅವಳ ಪಕ್ಕ ಕೂತಿದ್ದ ಜೇಗೊ ಎದ್ದು ಜಾಗ ಬಿಟ್ಟ. ಊರೇ ನೋಡುತ್ತಿತ್ತು. ಸೆನಾರಾ ಪಕ್ಕಕ್ಕೆ ಸರಿದು ಕೂತಳು.

ಲವ್‌ಡೇ ಶವಪೆಟ್ಟಿಗೆಯ ಮೇಲೆ ಕೈಯಿಟ್ಟು, "ಬಂದೆ ಕಣೋ," ಎಂದಳು.

ಎಲ್ಲ ಮುಗಿದ ಮೇಲೆ ಹೊರಗೆ ಜೇಗೊ ತಡವರಿಸಿದ. "ನಿಮ್ಮನ್ನ ಕಲ್ಲು ಅಂದ್ಕೊಂಡಿದ್ದೆ..."

"ಈಗ?"

"ಅವತ್ತಿಂದ ನಿಮ್ಮ ಮುಖ ಕಣ್ಣಿಂದ ಹೋಗ್ತಿಲ್ಲ. ಮೊದಲು ಕೋಪಕ್ಕೆ... ಈಗ ಯಾಕೋ..."

'ಇವನ ಮಾತು ಮುಗಿಯಲಿ ಅಂತ ಕಾದರೆ ಸಂಜೆಯಾದೀತು!' ಎಂದುಕೊಂಡಳು ಅವಳು.

"ಜೇಗೊ, ನಂಗೂ ನೀವು ಇಷ್ಟ. ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ಚಹಾ ಕುಡಿಯೋಣ, ನಡೀರಿ."

ಅವನ ಮುಖ ಅರಳಿತು. ಮರುಕ್ಷಣವೇ ಬಾಡಿತು. "ಆದ್ರೆ ಚಿಕ್ಕಮ್ಮ ಒಬ್ಬಳೇ..."

"ಅವರನ್ನ ಬಿಟ್ಟು ಹೋಗೋಣ ಅಂದವರ್ಯಾರು? ಒಂದು ಕೈ ನೀವು ಹಿಡ್ಕೊಳ್ಳಿ, ಇನ್ನೊಂದು ನಾನು."