ಗಾಜಿನಲ್ಲಿ ಕಂಡ ಕಿತ್ತಳೆ ಕೋಟು

ಗೆಳೆಯರೆಲ್ಲ ಕನ್ನಡಕ ಎಂದು ಕರೆಯುವ ಹುಡುಗಿ ಫೋನನ್ನು ಮೂಗಿನ ಹತ್ತಿರ ಹಿಡಿದು ಫೋಟೋದಲ್ಲಿದ್ದ ಅಂಕಿಗಳನ್ನು ಓದಿದಳು. ನಂಬಿಕೆಯಾಗದೆ ಬಲದಿಂದ ಎಡಕ್ಕೆ ಇನ್ನೊಮ್ಮೆ ಎಣಿಸಿದಳು.

"ಮೂರು ಲಕ್ಷದ ಏಳು ಸಾವಿರ" ಅಂದಳು ಮೆಲ್ಲಗೆ.

ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದ ಗೆಳೆಯರೆಲ್ಲ ಬಾಯಿ ಬಿಟ್ಟುಕೊಂಡು ಮೆಣಸಿನ ಕಡೆ ತಿರುಗಿದರು. ಹುಡುಗಿ ಗಿಡ್ಡ, ಮಾತು ಖಾರ. ಅದಕ್ಕೇ ಆ ಹೆಸರು.

ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸುವ ಕಂಪ್ಯೂಟರ್ ಗೇಮ್ ಅದು. ಅವರಲ್ಲಿ ಯಾರೂ ಒಂದು ಲಕ್ಷ ದಾಟಿರಲಿಲ್ಲ. ಫೋಟೋ ತೋರಿಸಿದರಷ್ಟೇ ಸ್ಕೋರು ಕನ್ನಡಕದವಳ ನೋಟ್‌ಬುಕ್ಕಿಗೆ ಏರುತ್ತಿತ್ತು. ಅದರ ಮೊದಲ ಸಾಲಿನ ಮೇಲೆ ಮೆಣಸಿಗೆ ಎಷ್ಟೋ ದಿನದಿಂದ ಕಣ್ಣು. ಇವತ್ತು ಅಲ್ಲಿ ಅವಳ ಹೆಸರು ಬಿತ್ತು.

ಹೇಗೆ ಆಡಿದೆ, ಹೇಳೇ ಎಂದು ಎಲ್ಲರೂ ದುಂಬಾಲು ಬಿದ್ದರು. ಮೆಣಸು ತನ್ನ ಫೋನಿಗೆ ಕೈ ಚಾಚಿದಳು.

ಕನ್ನಡಕ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದಳು. ಕಂಪ್ಯೂಟರ್ ಸ್ಕ್ರೀನಿನ ಗಾಜಿನ ಪ್ರತಿಬಿಂಬದಲ್ಲಿ ಕಿತ್ತಳೆ ಕೋಟು ಹಾಕಿಕೊಂಡ ಯಾರೋ ಕೂತಿದ್ದರು. ಅವರ ಹೆಗಲ ಹಿಂದೆ ಫೋನು ಹಿಡಿದ ಪುಟ್ಟ ತಲೆಯೊಂದು ಇಣುಕುತ್ತಿತ್ತು.

"ಹಿಂದೆ ನಿಂತಿರೋದು ನೀನು. ಕೂತಿರೋದು ಯಾರೇ?"

ಮೆಣಸಿನ ಕಿವಿ ಬಿಸಿಯಾಯಿತು. "ಕಂಪ್ಯೂಟರ್ ನಮ್ದೇ" ಅಂದಳು. ಆಮೇಲೆ, "ಆಡಿದ್ದು ನಮ್ಮತ್ತೆ" ಅಂದಳು.

ಇದನ್ನೂ ಯಾರೂ ನಂಬಲಿಲ್ಲ. ಅತ್ತೆಯಂದಿರು ಎಲ್ಲಾದರೂ ಗೇಮ್ ಆಡುತ್ತಾರೆಯೇ? ನೋಡೇ ಬಿಡೋಣ ಎಂದು ದಂಡು ಎರಡು ಬೀದಿ ಆಚೆ ಅತ್ತೆ ಕೆಲಸ ಮಾಡುವ ಪಾರ್ಸೆಲ್ ಆಫೀಸಿಗೆ ಹೊರಟಿತು. ಮೆಣಸು ಕಾಲೆಳೆದುಕೊಂಡು ಹಿಂದೆ ನಡೆದಳು.

ಅತ್ತೆ ಅದೇ ಕಿತ್ತಳೆ ಕೋಟಿನಲ್ಲಿ ವ್ಯಾನಿನೊಳಗೆ ನಿಂತು ಪೆಟ್ಟಿಗೆ ತುಂಬುತ್ತಿದ್ದಳು. ಓಡುವ ಬೆಲ್ಟಿನ ಮೇಲೆ ಒಂದರ ಹಿಂದೆ ಒಂದು ಪೆಟ್ಟಿಗೆ ಬರುತ್ತಿತ್ತು. ಕೈಯಲ್ಲಿದ್ದುದನ್ನು ಅವಳು ನೋಡುತ್ತಲೇ ಇರಲಿಲ್ಲ. ಕಣ್ಣು ಅದರ ಹಿಂದೆ ಬರುವುದರ ಮೇಲೆ. ಉದ್ದನೆಯದು ನೆಟ್ಟಗೆ ನಿಂತಿತು, ಚಪ್ಪಟೆಯದು ಮಲಗಿತು. ಮೂಲೆಯಲ್ಲಿ ಅವಳು ಬೇಕೆಂದೇ ಒಂದು ಸಂದಿ ಬಿಟ್ಟಿದ್ದಳು. ನಾಲ್ಕು ಪೆಟ್ಟಿಗೆ ಕಳೆದ ಮೇಲೆ ಅಷ್ಟೇ ಅಗಲದ ಪುಟ್ಟ ಪೆಟ್ಟಿಗೆ ಬಂದು ಅಲ್ಲಿ ಕೂತಿತು. ನೋಡನೋಡುತ್ತಲೇ ಬೆರಳೂ ತೂರದಂಥ ಗೋಡೆ ಎದ್ದಿತು.

ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಮೆಣಸಿಗೆ ಮೈ ಜುಮ್ಮೆಂದಿತು. ದಿನವೂ ಪಕ್ಕದಲ್ಲೇ ಊಟಕ್ಕೆ ಕೂರುವ ಅತ್ತೆ ಇವಳೇನಾ ಅನ್ನಿಸಿತು.

"ಏನ್ರಪ್ಪಾ, ಇಡೀ ಕ್ಲಾಸೇ ಬಂದಂಗಿದೆ" ಅಂದಳು ಅತ್ತೆ, ಹಣೆ ಒರೆಸಿಕೊಳ್ಳುತ್ತಾ.

ಕನ್ನಡಕ ಫೋನು ಚಾಚಿ, ಇದು ನೀವೇನಾ ಆಂಟಿ ಎಂದು ಕೇಳಿದಳು.

"ಓ, ಅದಾ. ಕಾಲು ನೋಯ್ತಿತ್ತು, ಸುಮ್ನೆ ಕೂತಿದ್ದೆ." ಅತ್ತೆ ಆಗಲೇ ಮುಂದಿನ ಪೆಟ್ಟಿಗೆಗೆ ಕೈ ಹಾಕಿದ್ದಳು.

ಮೆಣಸು ನೋಟ್‌ಬುಕ್ ಇಸಿದುಕೊಂಡಳು. ಮೊದಲ ಸಾಲಿನಲ್ಲಿ ತನ್ನ ಹೆಸರು ಹೊಡೆದುಹಾಕಿ 'ಅತ್ತೆ' ಎಂದು ಬರೆದಳು. ಪುಟದ ಕೊನೆಯಲ್ಲಿ ತನ್ನ ಸ್ವಂತ ಹನ್ನೊಂದು ಸಾವಿರವನ್ನು ದುಂಡಗೆ ಬರೆದಳು. ಯಾರೂ ನಗಲಿಲ್ಲ.

ಆಮೇಲೆ ಬೆಲ್ಟಿನ ಕಡೆ ತಿರುಗಿದಳು. ಅತ್ತೆಯ ಕೈಯಲ್ಲಿದ್ದ ಪೆಟ್ಟಿಗೆಯನ್ನು ಬಿಟ್ಟು, ಅದರ ಹಿಂದೆ ಬರುತ್ತಿದ್ದುದನ್ನು ನೋಡತೊಡಗಿದಳು.