ಹದಿನಾರು ಇಲಿಗಳು, ಒಂದು ಬೇರು

ಆ ಬುಧವಾರ ಬೆಳಿಗ್ಗೆ ಕುಮಾಸಿಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹದಿನಾರು ಇಲಿಗಳು ಸತ್ತು ಬಿದ್ದಿದ್ದವು. ಸತ್ತವೆಲ್ಲ ಹಳ್ಳಿಯ ನಾಟಿವೈದ್ಯೆ ಟಿವಾ ಅಜ್ಜಿಯ ಜ್ವರದ ಬೇರಿನ ಕಷಾಯ ಕುಡಿದವು. ಬರೀ ನೀರು ಕುಡಿದ ಇಲಿಗಳು ಆರಾಮವಾಗಿದ್ದವು. ಕಷಾಯವನ್ನು ಒಂದೊಂದರ ಬಾಯಿಗೂ ಹಾಕಿದ್ದವನು ಸಹಾಯಕ ಬಡು.

"ಮುದುಕಿ ಊರಿಗೆಲ್ಲ ವಿಷ ಕುಡಿಸ್ತಿದ್ದಾಳೆ," ಎಂದರು ಸಂಶೋಧಕ ಡಾಕ್ಟರ್ ಲಾರ್ಟಿ. "ಶುಕ್ರವಾರ ವರದಿ ಕಳಿಸ್ತೀನಿ. ಅವಳ ಪರವಾನಗಿ ರದ್ದು."

ಬಡುವಿಗೆ ಮೈಯೆಲ್ಲ ಉರಿಯಿತು. ಚಿಕ್ಕಂದಿನಲ್ಲಿ ಅವನ ಜ್ವರ ಇಳಿಸಿದ್ದೇ ಆ ಬೇರು. ಅವನು ನೇರವಾಗಿ ಪಶುವೈದ್ಯೆ ಓಫೊರಿವಾ ಬಳಿಗೆ ಓಡಿದ. ಕಾಲೇಜಿನಲ್ಲಿ ಯಾರ ಕಳ್ಳಾಟವಿದ್ದರೂ ಬಯಲಿಗೆಳೆಯುತ್ತಿದ್ದವಳು ಅವಳೇ.

ಓಫೊರಿವಾ ಪ್ರಯೋಗಶಾಲೆಗೆ ಬಂದು ಉಳಿದ ಬೇರಿನ ಮೂಟೆ ಬಿಚ್ಚಿ ನೋಡಿದಳು. ನೆಟ್ಟಗಿನ ದಪ್ಪ ಬೇರುಗಳು, ತುದಿಯಲ್ಲಿ ಕಾಂಡದ ಮೊಂಡು.

"ಹೋದ ತಿಂಗಳು ಅಜ್ಜಿಯ ಬೇರು ಕುಡಿಸಿದಾಗ ಒಂದೂ ಇಲಿ ಸಾಯಲಿಲ್ಲವಲ್ಲ, ಡಾಕ್ಟ್ರೇ?" ಎಂದು ಲಾರ್ಟಿಯವರನ್ನು ಕೇಳಿದಳು.

"ಆಗ ಪ್ರಮಾಣ ಕಡಿಮೆ ಇತ್ತು. ಇದು ಹೋದ ಗುರುವಾರ ಅವಳ ಹಿತ್ತಲಲ್ಲಿ ನಾನೇ ನಿಂತು ಅಗೆಸಿದ್ದು. ಪುಸ್ತಕದಲ್ಲಿ ಬರೆದಿದೀನಿ, ನೋಡಿ."

ಮರುದಿನ ಗುರುವಾರ ಬಡು ಅಜ್ಜಿಯನ್ನು ಕರೆತರಲು ಹೋದ. ಹೊಲದ ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಗುದ್ದಲಿಗಳು ಗೋಡೆಗೊರಗಿದ್ದವು, ಗಂಡಸರು ಮರದಡಿ ಅಳಗುಳಿಮಣೆ ಆಡುತ್ತಿದ್ದರು.

"ಹೋದ ವಾರ ಆ ಡಾಕ್ಟರು ಇಲ್ಲಿಗೆ ಬಂದೇ ಇಲ್ಲ ಕಣೋ!" ಅಜ್ಜಿ ಕಿಡಿಕಾರಿದಳು. "ಐವತ್ತು ವರ್ಷದಿಂದ ಪಕ್ಕದ ಬೇರಷ್ಟೇ ಕೊಯ್ದಿದೀನಿ. ತಾಯಿಬೇರು ಕಿತ್ತರೆ ಗಿಡವೇ ಸಾಯುತ್ತೆ. ಹಂಗೆ ಕೀಳೋರ ಕೈ ಸೇದಿಹೋಗ!"

ಶುಕ್ರವಾರ ಓಫೊರಿವಾ ಎಲ್ಲರನ್ನೂ ಕೂರಿಸಿ, ಒಂದು ಬೇರನ್ನು ಮೇಜಿನ ಮೇಲೆ ಕುಕ್ಕಿದಳು.

"ಇದು ತಾಯಿಬೇರು. ಅಜ್ಜಿ ಇದನ್ನು ಮುಟ್ಟಲ್ಲ."

"ಅವಳ ಮಾತಿಗೇನು ಸಾಕ್ಷಿ?" ಲಾರ್ಟಿ ನಕ್ಕರು.

"ನಿಮ್ಮದು ಕಡಲತೀರದ ಮೀನುಗಾರರ ಮನೆ. ಮಂಗಳವಾರ ನಿಮ್ಮೋರು ದೋಣಿ ಇಳಿಸ್ತಾರಾ?"

"ಛೆ, ಎಲ್ಲಾದರೂ ಉಂಟಾ? ಅದು ಸಮುದ್ರದ ದಿನ."

"ಇಲ್ಲಿ ಗುರುವಾರ ಭೂತಾಯಿ ದಿನ. ಅವತ್ತು ನಮ್ಮಲ್ಲಿ ಯಾರೂ ಮಣ್ಣಿಗೆ ಗುದ್ದಲಿ ಹಾಕಲ್ಲ, ಡಾಕ್ಟ್ರೇ. ನಿಮ್ಮ ಪುಸ್ತಕದಲ್ಲಿ ಮಾತ್ರ ಅಗೆದಿದ್ದಾರೆ."

ಬಡು ಹಣೆ ಚಚ್ಚಿಕೊಂಡ. ಆ ಗುದ್ದಲಿಗಳನ್ನು ಕಣ್ಣಾರೆ ಕಂಡೂ ತನಗೆ ಹೊಳೆಯಲಿಲ್ಲವಲ್ಲ!

ಲಾರ್ಟಿಯವರ ಮುಖ ಸಪ್ಪಗಾಯಿತು. ಅಜ್ಜಿ ಕೊಟ್ಟ ಬೇರನ್ನು ಒಣಗಿಸದೆ ಬಿಟ್ಟು ಬೂಷ್ಟು ಹಿಡಿಸಿದ್ದರು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, ಪೇಟೆಯಲ್ಲಿ ಅದೇ ಹೆಸರು ಹೇಳಿ ಮಾರುವ ಯಾವುದೋ ಬೇರು ಕೊಂಡು ತಂದಿದ್ದರು. "ಇಲಿ ಸತ್ತ ಮೇಲೆ ಹೇಗೆ ಬಾಯಿ ಬಿಡಲಿ..." ಎಂದು ತೊದಲಿದರು.

"ನಾಚಿಕೆಗೆಟ್ಟವರು! ಕೊಲ್ಲಿಸಿದ್ದು ನನ್ನ ಕೈಯಲ್ಲಿ, ಹೊರಿಸಿದ್ದು ಅಜ್ಜಿ ತಲೆಗೆ!" ಬಡು ಕೂಗಿದ.

ಅಜ್ಜಿ ಬಯ್ಯಲಿಲ್ಲ. ಎದ್ದು ಬಂದು ಲಾರ್ಟಿಯವರ ರಟ್ಟೆ ಹಿಡಿದಳು.

"ನನ್ನ ಬೇರಿನ ಹೆಸರಲ್ಲಿ ಈ ವಿಷ ಇನ್ನೂ ಪೇಟೆಲಿ ಮಾರ್ತಿದ್ದಾರಾ?"

ಲಾರ್ಟಿ ಹೌದೆಂದು ತಲೆಯಾಡಿಸಿದರು. ಅದನ್ನು ಕೇಳಬೇಕೆಂದು ಅಲ್ಲಿದ್ದ ಯಾರಿಗೂ ತೋಚಿರಲಿಲ್ಲ, ಓಫೊರಿವಾಳಿಗೂ.

"ಜ್ವರ ಬಂದ ಮಕ್ಕಳಿಗೆ ಕುದಿಸಿ ಕುಡಿಸ್ತಾರೆ ಕಣಯ್ಯಾ! ಎದ್ದೇಳು. ಯಾವ ಅಂಗಡಿ, ತೋರಿಸು."